ಮೈಕ್ ಆನ್ ಇತ್ತು

ಮೈಕ್ ಆನ್ ಇದೆಯೆಂದು ಬಿಲ್ಯಾನಾಳಿಗೆ ಗೊತ್ತಿರಲಿಲ್ಲ.

ಪೋಜೆಗಾ ಎಂಬ ಸಣ್ಣ ಊರಿನ ಒಳಾಂಗಣ ಕ್ರೀಡಾಂಗಣದಲ್ಲಿ ಅಂದು ಪುಟ್ಟ ಮಕ್ಕಳ ವಾಲಿಬಾಲ್ ಹಬ್ಬ. ಸುತ್ತಲಿನ ಊರುಗಳಿಂದ ತಂಡಗಳು ಬಂದಿದ್ದವು. ಬೆಂಚುಗಳ ತುಂಬ ಅಮ್ಮಂದಿರು, ಅಜ್ಜಿಯರು. ಅವರ ಮಡಿಲಲ್ಲಿ ಬುರೆಕ್ ಎಂಬ ಬಿಸಿ ಕಡುಬಿನ ಪೊಟ್ಟಣಗಳು. ದೊಡ್ಡ ಹುಡುಗಿಯರ ಕೋಚ್ ಬಿಲ್ಯಾನಾ ಮೇಜಿನ ಹಿಂದೆ ಕೂತು ತಂಡಗಳ ಹೆಸರು ಕೂಗುತ್ತಿದ್ದಳು. ಕಣ್ಣು ಮಾತ್ರ ಆಗಾಗ ಮೂಲೆಯ ನೆಟ್‌ನತ್ತ ಜಾರುತ್ತಿತ್ತು.

ಅಲ್ಲಿ ರೇಲ್ಯ ಇದ್ದ. ಚಿಕ್ಕವರ ಕೋಚ್. ಎಳೆಹರೆಯದಲ್ಲಿ, ರಾಷ್ಟ್ರೀಯ ತಂಡ ಇನ್ನೇನು ಕರೆಯುತ್ತದೆ ಎನ್ನುವಾಗ, ಹೊಡೆತ ತಡೆಯಲು ನೆಟ್ ಬಳಿ ಹಾರಿ, ಎದುರಾಳಿಯ ಪಾದದ ಮೇಲೆ ಇಳಿದು ಮಂಡಿ ಕಳೆದುಕೊಂಡವನು. ಅಂದಿನಿಂದ ಎಡಗಾಲು ಎಳೆದೇ ನಡೆಯುತ್ತಿದ್ದ. ಅದಕ್ಕೇ ಏನೋ, ಮಕ್ಕಳಿಗೆ ಹಾರುವುದಕ್ಕಿಂತ ಮೊದಲು ಇಳಿಯುವುದನ್ನು ಕಲಿಸುತ್ತಿದ್ದ. “ಬೆಕ್ಕು ಅಟ್ಟದಿಂದ ಇಳಿಯುತ್ತಲ್ಲ, ಹಾಗೆ ಇಳೀಬೇಕು. ನನಗೆ ಸದ್ದೇ ಕೇಳಿಸಬಾರದು.” ಚೆಂಡಿಗೆ ಹೆದರುವ ಮಕ್ಕಳ ಕೈಗೆ ಮೊದಲು ಬಲೂನು ಕೊಡುತ್ತಿದ್ದ. ಬಿಲ್ಯಾನಾ ಈಗ ಪಂದ್ಯ ಆಡಿಸುತ್ತಿದ್ದ ಹುಡುಗಿಯರೆಲ್ಲ ಆ ಬಲೂನುಗಳಿಂದಲೇ ಬೆಳೆದು ಬಂದವರು.

ಅವನು ತಲೆಯೆತ್ತಿದ. ಕ್ರೀಡಾಂಗಣದ ಆ ತುದಿಯಿಂದ ಹುಬ್ಬು ಕುಣಿಸಿ, ‘ಕಾಫಿ ಆರಿ ಹೋಯ್ತು, ನೋಡು’ ಎಂದು ಸನ್ನೆ ಮಾಡಿದ. ಅವಳು ತುಟಿಯ ಮೇಲೆ ಬಂದ ನಗುವನ್ನು ಲೋಟದ ಹಿಂದೆ ಅಡಗಿಸಿದಳು. ಚಳಿಗಾಲವಿಡೀ ಅವರ ನಡುವೆ ಇದ್ದದ್ದು ಇಷ್ಟೇ. ಒಂದು ಸನ್ನೆ, ಒಂದು ಕೀಟಲೆ, ಬಾಗಿಲ ಬಳಿ ಬೇಕೆಂದೇ ತಡಮಾಡಿ ಕಟ್ಟಿದ ಶೂ ಲೇಸು.

ಪಕ್ಕದಲ್ಲಿದ್ದ ಕ್ಲಬ್ಬಿನ ಅಧ್ಯಕ್ಷ ಚೇಡಾ ಮಾಮ ಇದನ್ನೆಲ್ಲ ಕಂಡವನೇ. “ಏನಮ್ಮಾ, ರೇಲ್ಯನನ್ನೇ ನೋಡ್ತಾ ಇದೀಯ. ಮದುವೆ ಊಟ ಯಾವಾಗ ಹಾಕಿಸ್ತೀಯ?”

ಅವಳ ಮುಖಕ್ಕೆ ರಕ್ತ ನುಗ್ಗಿತು. ಸಿಕ್ಕಿಬಿದ್ದ ನಾಚಿಕೆಯಲ್ಲಿ ಬಾಯಿ ತನ್ನಷ್ಟಕ್ಕೆ ಓಡಿತು. “ಆ ಕುಂಟನ ಜೊತೆನಾ? ನನಗೆ ಬೇರೆ ಯಾರೂ ಸಿಗಲ್ವಾ ಮಾಮ? ಬಲೂನು ಹಾರಿಸೋದು ಬಿಟ್ಟು ಅವನಿಗೆ ಬರೋದಾದ್ರೂ ಏನು?”

ಮಾತು ಛಾವಣಿಯ ಸ್ಪೀಕರುಗಳಿಂದ ಇಳಿದು ಬಂತು. ಅವಳದೇ ದನಿ, ದೊಡ್ಡದಾಗಿ, ಸ್ಪಷ್ಟವಾಗಿ.

ಇಡೀ ಕ್ರೀಡಾಂಗಣ ಸ್ತಬ್ಧವಾಯಿತು. ರೇಲ್ಯನ ಕೈಯಲ್ಲಿ ಚೆಂಡಿತ್ತು. ಅವನ ಕಿವಿ ಕೆಂಪಾದದ್ದು ಅಷ್ಟು ದೂರಕ್ಕೂ ಕಾಣುತ್ತಿತ್ತು. ಅವನು ಎದುರಿನ ಮಗುವಿಗೆ ಚೆಂಡು ಕೊಟ್ಟ. “ಹ್ಞೂಂ, ಮಂಡಿ ಬಗ್ಗಿಸು ಪುಟ್ಟಾ.”

ಚೇಡಾ ಮಾಮ ತಡವಾಗಿ ಮೈಕ್ ಆಫ್ ಮಾಡಿದ. ಹಬ್ಬ ಮುಗಿಯುವ ತನಕ ಬಿಲ್ಯಾನಾ ಅದೇ ಮೈಕಿನಲ್ಲಿ ತಂಡಗಳ ಹೆಸರು ಕೂಗಬೇಕಾಯಿತು.

ಅವಳು ಮನೆ ಮುಟ್ಟುವ ಮುಂಚೆಯೇ ಸುದ್ದಿ ಮುಟ್ಟಿತ್ತು. “ಬೇಕರಿಯಲ್ಲಿ ಬ್ರೆಡ್ ತಗೊಳ್ಳೋಕೆ ಹೋದ್ರೆ ಜನ ನನ್ನ ಮುಖ ನೋಡ್ತಾರೆ ಕಣೇ,” ಎಂದಳು ಅಮ್ಮ. “ಆ ಹುಡುಗ ನಿನಗೇನು ಮಾಡಿದ್ದ?”

“ಏನೂ ಮಾಡಿಲ್ಲಮ್ಮ.”

“ಮತ್ಯಾಕೆ?”

ಬಿಲ್ಯಾನಾ ಶೂ ಬಿಚ್ಚುವ ನೆಪದಲ್ಲಿ ತಲೆ ಬಗ್ಗಿಸಿದಳು.

ಸೋಮವಾರದ ಅಭ್ಯಾಸಕ್ಕೆ ಹುಡುಗಿಯರು ಬಂದರು. ಹೇಳಿದ್ದನ್ನೆಲ್ಲ ಮಾಡಿದರು, ಒಬ್ಬಳೂ ಅವಳ ಕಣ್ಣು ನೋಡಲಿಲ್ಲ. ಹೊಡೆಯುವವರಿಗೆ ಚೆಂಡೆತ್ತಿ ಕೊಡುವ ದುನ್ಯಾ ತಂಡದ ಜೀವ. ಸದಾ ವಟವಟ ಎನ್ನುವ ಹುಡುಗಿ ಅಂದು ತುಟಿ ಬಿಚ್ಚಲಿಲ್ಲ. ಬಿಲ್ಯಾನಾ ಅವಳನ್ನು ಪಕ್ಕಕ್ಕೆ ಕರೆದಳು.

“ಏನಾಗಿದೆ ನಿನಗೆ? ಚೆಂಡು ಎತ್ತುವಾಗ ಕೂಗಬೇಕು ತಾನೆ? ಹೊಡೆಯೋರಿಗೆ ಗೊತ್ತಾಗೋದು ಹೇಗೆ?”

ದುನ್ಯಾ ನೆಲ ನೋಡುತ್ತ ಮೆಲ್ಲಗೆ ಕೇಳಿದಳು. “ಮೈಕ್ ಆಫ್ ಇರುವಾಗ ನನ್ನ ಬಗ್ಗೆ ಏನು ಹೇಳ್ತೀರಿ, ಕೋಚ್?”

ಹೊಡೆದಿದ್ದರೂ ಬಿಲ್ಯಾನಾಳಿಗೆ ಅಷ್ಟು ನೋಯುತ್ತಿರಲಿಲ್ಲ. “ನಾನು ಹಾಗೆ ಅನ್ನಬಾರದಿತ್ತು,” ಎಂದಳು.

“ಅದನ್ನ ನನಗ್ಯಾಕೆ ಹೇಳ್ತೀರಿ? ನನಗೆ ಚೆಂಡಂದ್ರೆ ಅಳು ಬರ್ತಿತ್ತು. ಒಂದು ವರ್ಷ ನನ್ನ ಜೊತೆ ಬಲೂನು ಹಾರಿಸಿದ್ದು ರೇಲ್ಯ ಕೋಚು.” ಹುಡುಗಿ ಕಣ್ಣೊರೆಸಿಕೊಂಡು ನೆಟ್‌ನ ಬಳಿ ಹೊರಟುಹೋದಳು.

ಅಭ್ಯಾಸ ಮುಗಿದ ಮೇಲೆ ಬಿಲ್ಯಾನಾ ಸಾಮಾನಿನ ಕೋಣೆಗೆ ಹೋದಳು. ರೇಲ್ಯ ಚೆಂಡುಗಳಿಗೆ ಗಾಳಿ ತುಂಬುತ್ತಿದ್ದ.

“ಹೇಳಿ ಕೋಚ್, ಏನಾಗಬೇಕಿತ್ತು?”

ನಿನ್ನೆ ಮೊನ್ನೆಯವರೆಗೆ ‘ಏ ಬಿಲ್ಯಾ’ ಎಂದು ಕರೆಯುತ್ತಿದ್ದ ಬಾಯಿ ಅದು. ಆ ಬಹುವಚನ ಅವಳ ಎದೆಗೆ ಸೂಜಿಯಂತೆ ಇಳಿಯಿತು.

“ರೇಲ್ಯ, ನನ್ನಿಂದ ತಪ್ಪಾಯ್ತು. ಕ್ಷಮಿಸು.”

“ಪರವಾಗಿಲ್ಲ ಬಿಡಿ. ಸುಳ್ಳೇನು ಹೇಳಲಿಲ್ಲವಲ್ಲ. ಕಾಲು ಕುಂಟೋದು ನಿಜ, ಬಲೂನು ಹಾರಿಸೋದೂ ನಿಜ.” ಅವನು ಚೆಂಡನ್ನು ಒತ್ತಿ ನೋಡಿ ಬುಟ್ಟಿಗೆ ಹಾಕಿದ. “ಬಾಗಿಲು ಸ್ವಲ್ಪ ಮುಂದೆ ಮಾಡಿ, ಚಳಿ ಬರುತ್ತೆ.”

ಹೊರಗೆ ಬಂದು ಗೋಡೆಗೆ ಒರಗಿದಾಗ ಅವಳಿಗೆ ಇನ್ನೂ ನಾಚಿಕೆಯಾಯಿತು. ಊರೆದುರಿಗೆ ಅವನ ಮಾನ ಕಳೆದು, ಯಾರೂ ನೋಡದ ಕೋಣೆಯಲ್ಲಿ ಕ್ಷಮೆ ಕೇಳಿದ್ದಳು. ಅವನ ನೋವು ಕಳೆಯಲೆಂದು ಹೋದವಳಲ್ಲ. ರಾತ್ರಿ ತನಗೆ ನಿದ್ದೆ ಬರಲೆಂದು ಹೋಗಿದ್ದಳು.

ಮುಂದಿನ ಶನಿವಾರ ಚಿಕ್ಕವರ ಅಭ್ಯಾಸ. ಬೆಂಚುಗಳಲ್ಲಿ ಅದೇ ಅಮ್ಮಂದಿರು, ಅದೇ ಅಜ್ಜಿಯರು. ಬಿಲ್ಯಾನಾ ಒಳಗೆ ಬಂದದ್ದೇ ಗುಸುಗುಸು ನಿಂತಿತು. ಅವಳು ನೇರ ಅಂಕಣದ ನಡುವೆ ಹೋಗಿ ನಿಂತಳು.

“ಮಕ್ಕಳೇ, ಹೋದ ವಾರ ನಾನು ನಿಮ್ಮ ಕೋಚ್ ಬಗ್ಗೆ ಕೆಟ್ಟ ಮಾತಾಡಿದೆ. ನೀವೆಲ್ಲ ಕೇಳಿಸಿಕೊಂಡಿರಿ. ದೊಡ್ಡವರು ಹಾಗೆ ಮಾತಾಡಬಾರದು, ಯಾರೂ ಮಾತಾಡಬಾರದು. ಇವರಿಗೆ ಏನು ಬರುತ್ತೆ ಅಂತ ನಾನು ಕೇಳಿದೆ. ಇವರು ಕೈಹಿಡಿದು ಕಲಿಸದೆ ಇದ್ದಿದ್ರೆ ನನ್ನ ತಂಡದಲ್ಲಿ ಒಬ್ಬ ಹುಡುಗಿನೂ ಇರ್ತಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹಾಗೆ ಅಂದೆ. ಯಾಕಂದ್ರೆ ನಿಜ ಹೇಳೋಕೆ ನನಗೆ ನಾಚಿಕೆ ಆಯ್ತು.”

ಮುಂದಿನ ಹಲ್ಲು ಬಿದ್ದಿದ್ದ ಒಬ್ಬಳು ಬಲೂನು ಅಪ್ಪಿಕೊಂಡು ಕೇಳಿದಳು. “ನಿಜ ಅಂದ್ರೆ ಏನು?”

ಬೆಂಚುಗಳ ಮೇಲಿನ ಅಜ್ಜಿಯರೆಲ್ಲ ಒಟ್ಟಿಗೆ ಮುಂದಕ್ಕೆ ಬಾಗಿದರು.

ಬಿಲ್ಯಾನಾಳ ಕಿವಿ, ಕತ್ತು, ಹಣೆ ಉರಿದವು. ಓಡಿಹೋಗಬಹುದಿತ್ತು; ಬಾಗಿಲು ತೆರೆದೇ ಇತ್ತು. “ನಿಜ ಏನಂದ್ರೆ... ಅವತ್ತು ಚೇಡಾ ಮಾಮ ಸುಳ್ಳು ಹೇಳಲಿಲ್ಲ. ನಾನು ನೋಡ್ತಾ ಇದ್ದದ್ದು ನಿಮ್ಮ ಕೋಚನ್ನೇ.”

“ಅಯ್ಯೋ ದೇವರೇ!” ಎಂದಳು ಒಬ್ಬ ಅಜ್ಜಿ, ಬಹಳ ಸಂತೋಷದಿಂದ.

ರೇಲ್ಯ ಜೋರಾಗಿ ಸೀಟಿ ಊದಿದ. “ಎಲ್ಲರೂ ನೀರು ಕುಡೀರಿ! ಓಡಿ, ಓಡಿ!”

ಮಕ್ಕಳು ಚದುರಿದರು. ಅವನು ನಿಧಾನವಾಗಿ ಬಂದು ಅವಳೆದುರು ನಿಂತ. ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದ.

“ಕುಂಟ ಅಂದಿದ್ದಕ್ಕೆ ನನಗೆ ಅಷ್ಟು ಬೇಜಾರಾಗಲಿಲ್ಲ,” ಎಂದ. “ಆ ಮಾತು ಹದಿನೈದಿಪ್ಪತ್ತು ವರ್ಷದಿಂದ ಕೇಳ್ತಾ ಇದೀನಿ. ನಾಚಿಕೆ ಆಗಿದ್ದು ಬೇರೆದಕ್ಕೆ.”

“ಯಾವುದಕ್ಕೆ?”

“ನಿನಗೆ ಗೊತ್ತಾಗಲಿಲ್ಲ, ಮೈಕಿನಲ್ಲಿ ಮೊದಲು ಕೇಳಿಸಿದ್ದು ಮಾಮನ ಪ್ರಶ್ನೆ. ಮದುವೆ ಊಟ ಯಾವಾಗ ಅಂತ. ಅದು ಕೇಳಿದ ಕೂಡಲೆ ನನ್ನ ಮುಖ ಹೇಗೆ ಅರಳಿತೋ! ಎದುರಿಗಿದ್ದ ಮಗು ‘ಕೋಚ್, ಯಾಕೆ ನಗ್ತಿದೀರಿ?’ ಅಂತ ಕೇಳಿತು. ಅಷ್ಟರಲ್ಲಿ ನಿನ್ನ ಉತ್ತರ ಬಂತು.” ಅವನ ದನಿ ಒಡೆಯಿತು. “ಆ ನಗುವನ್ನ ಮುಖದಿಂದ ತೆಗೆದು ಎಲ್ಲಿಡಬೇಕೋ ಗೊತ್ತಾಗಲಿಲ್ಲ, ಬಿಲ್ಯಾ.”

ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅಳಬಾರದೆಂದುಕೊಂಡಷ್ಟೂ ಭುಜ ಅಲುಗಿತು.

“ಅಳಬೇಡ. ಅಜ್ಜಿಯರು ನೋಡ್ತಿದಾರೆ.”

“ನೋಡಲಿ.”

“ನನಗೆ ಕೋಪ ಇನ್ನೂ ಹೋಗಿಲ್ಲ. ಸುಳ್ಳು ಯಾಕೆ ಹೇಳಲಿ? ಇನ್ನೂ ಸ್ವಲ್ಪ ದಿನ ಇರುತ್ತೆ.”

“ಇರಲಿ,” ಎಂದಳು ಬಿಲ್ಯಾನಾ, ಮುಖದಿಂದ ಕೈ ತೆಗೆದು. “ಕೋಪ ಇರೋಷ್ಟು ದಿನ ಇರಲಿ. ನಾನೂ ಇರ್ತೀನಿ.”

ಅವನು ಅವಳನ್ನೇ ನೋಡಿದ. ತುಟಿಯ ಒಂದು ಕೊನೆ, ಬೇಡ ಬೇಡವೆನ್ನುತ್ತಲೇ, ಮೇಲಕ್ಕೆ ಎದ್ದಿತು.

ಅಭ್ಯಾಸ ಮುಗಿದಾಗ ಹೊರಗೆ ಸಂತೆಯ ಗದ್ದಲ. ಮೆಣಸಿನಕಾಯಿ ಮಾರುವವರು, ಚೀಸ್ ಮಾರುವ ಹೆಂಗಸರು, ಅರ್ಧ ಊರು ಬೀದಿಯಲ್ಲೇ ಇತ್ತು. ರೇಲ್ಯನ ಜೊತೆ ಹೊರಬಂದ ಬಿಲ್ಯಾನಾ ಮೆಟ್ಟಿಲ ಮೇಲೆ ಒಂದು ಗಳಿಗೆ ನಿಂತಳು. ಆಮೇಲೆ ತನ್ನ ಕೈಯನ್ನು ಅವನ ತೋಳೊಳಗೆ ತೂರಿಸಿದಳು. ಜನ ತಿರುಗಿ ನೋಡಿದರು. ಅವಳ ಮುಖ ಕೆಂಡದಂತೆ ಕಾಯಿತು. ಕೈ ಮಾತ್ರ ತೆಗೆಯಲಿಲ್ಲ.