ಬಿಚ್ಚದ ಮುಷ್ಟಿ

ಬಡಗಿ ಎಸೆದ ಮರದ ಗೂಟ ಅವಳ ಕಿವಿಯ ಪಕ್ಕದಲ್ಲೇ ಹಾರಿ ಕಿಟಕಿಯ ಗಾಜು ಒಡೆಯಿತು. ಅವರಿಬ್ಬರ ಪರಿಚಯವಾದದ್ದು ಹೀಗೆ.

ಅವಳು ಆಕ್ಯುಪೇಷನಲ್ ಥೆರಪಿ ಕಲಿಯುತ್ತಿದ್ದ ಕೊನೆಯ ವರ್ಷದ ಹುಡುಗಿ. ರೋಗಿಗಳ ಬಾಯಲ್ಲಿ ಚಿಕ್ಕ ಡಾಕ್ಟ್ರು. ಕೈಕಾಲು ಸೋತವರನ್ನು ಮತ್ತೆ ಅವರವರ ಕೆಲಸಕ್ಕೆ ಹಚ್ಚುವುದು ಅವಳ ವಿದ್ಯೆ. ರೋಗಿಗೆ ಹುರುಪು ತುಂಬುವುದನ್ನು, ಮುಂದೆ ನಿಂತು ನಡೆಸುವುದನ್ನು ಕಲಿಯಲಿ ಎಂದು ಆಸ್ಪತ್ರೆಯಲ್ಲಿ ಅವಳ ತರಬೇತಿ ನೋಡಿಕೊಳ್ಳುವ ಮೇಡಂ ಈ ಉರಿಮುಖದವನನ್ನೇ ಅವಳ ಕೊರಳಿಗೆ ಕಟ್ಟಿದ್ದರು. ವರ್ಕ್‌ಶಾಪಿನ ಪಾಲಿನ ಜಗಳದಲ್ಲಿ ಸ್ವಂತ ಅಣ್ಣನೇ ಮಚ್ಚು ಬೀಸಿ ಅವನ ಬಲಗೈ ಕಡಿದಿದ್ದ. ಹೊಲಿದ ಕೈ ಇನ್ನೂ ಮಾತು ಕೇಳುತ್ತಿರಲಿಲ್ಲ.

"ಹಲಗೆ ತೂತಿಗೆ ಗೂಟ ಚುಚ್ಚೋಕೆ ನಾನೇನು ಮಗೂನಾ?"

"ಸರಿ, ಬೇಡ. ಈ ಕೈಯಿಂದ ಏನು ಮಾಡಬೇಕು ಅಂತಿದೀರಾ, ನೀವೇ ಹೇಳಿ."

ಅವನು ಅವಳ ಕಣ್ಣಲ್ಲಿ ಕಣ್ಣಿಟ್ಟ. "ನಮ್ಮಣ್ಣನ ಕತ್ತು ಹಿಸುಕಬೇಕು."

"ಹಾಗಾದ್ರೆ ಮೊದಲು ಈ ಸ್ಪಂಜು ಹಿಸುಕಿ. ನಿಮ್ಮಣ್ಣ ಇದಕ್ಕಿಂತ ಗಟ್ಟಿ ಇರ್ತಾರೆ."

ಅವನು ನಕ್ಕುಬಿಟ್ಟ. ಅವಳು ಆ ಮುಖವನ್ನೇ ನೋಡಿದಳು. ಇಂಥ ಕೋಪಿಷ್ಠನಿಗೆ ಇಷ್ಟು ಚೆಂದದ ನಗು ಯಾಕೆ ಕೊಟ್ಟನೋ ದೇವರು!

ರೋಷವೇ ಅವನಿಗೆ ಟಾನಿಕ್ ಆಯಿತು. ಸ್ಪಂಜು ಹೋಗಿ ರಬ್ಬರ್ ಚೆಂಡು, ಚೆಂಡು ಹೋಗಿ ಗಟ್ಟಿ ಸ್ಪ್ರಿಂಗು ಬಂತು. ಬೆರಳು ಬಿಚ್ಚುವ ವ್ಯಾಯಾಮ ಹೇಳಿದರೆ ಮಾತ್ರ, "ನನಗೆ ಹಿಡಿಯೋಕೆ ಬಂದ್ರೆ ಸಾಕು ಡಾಕ್ಟ್ರೇ" ಎಂದು ಓರೆಗಣ್ಣಲ್ಲಿ ನೋಡುತ್ತಿದ್ದ. ಅವಳು ಕರಗಿ ನೀರಾಗಿ ಆ ವ್ಯಾಯಾಮ ಬಿಟ್ಟುಬಿಡುತ್ತಿದ್ದಳು. ಅವನ ಅಂಗೈ ತನ್ನ ಅಂಗೈಯಲ್ಲಿದ್ದಾಗ ಓದಿದ್ದೆಲ್ಲ ಮರೆತುಹೋಗುತ್ತಿತ್ತು.

ಒಂದು ಮಧ್ಯಾಹ್ನ, ಜಾಮೀನಿನ ಮೇಲೆ ಹೊರಬಂದ ಅಣ್ಣ ಥೆರಪಿ ಕೋಣೆಯ ಬಾಗಿಲಲ್ಲಿ ನಿಂತ. "ತಪ್ಪಾಯ್ತು ಕಣೋ" ಎನ್ನುವಷ್ಟರಲ್ಲಿ ಬಡಗಿ ನುಗ್ಗಿ ಅವನ ಗಂಟಲಿಗೆ ಕೈ ಹಾಕಿದ. ಮೇಜು ಉರುಳಿತು. ಅಣ್ಣನ ತಲೆ ಗೋಡೆಗೆ ಬಡಿದು ರಕ್ತ ಸುರಿಯಿತು, ಮುಖ ಕಪ್ಪಿಟ್ಟಿತು. ಉಳಿದ ರೋಗಿಗಳು ಬೊಬ್ಬೆಯಿಟ್ಟು ದಿಕ್ಕಾಪಾಲಾದರು.

ಅವಳು ಓಡಿಬಂದು ಬಡಗಿಯ ಮುಖ ನೋಡಿದಳು. ಅಲ್ಲಿ ಈಗ ಕೋಪವಿರಲಿಲ್ಲ, ಗಾಬರಿಯಿತ್ತು.

"ಡಾಕ್ಟ್ರೇ, ಬಿಡೋಕಾಗ್ತಿಲ್ಲ! ಬೆರಳು ಬಿಚ್ತಿಲ್ಲ!"

ಹಿಡಿಯುವುದನ್ನಷ್ಟೇ ಕಲಿತ ಬೆರಳುಗಳು ಸೆಟೆದು ಕಚ್ಚಿಕೊಂಡಿದ್ದವು. ಕಲಿಸಿದವಳು ಅವಳೇ.

"ನನ್ನ ಕಡೆ ನೋಡಿ. ಎಳೀಬೇಡಿ. ಮಣಿಕಟ್ಟು ಒಳಗೆ ಬಗ್ಗಿಸಿ, ಬೆರಳು ಸಡಿಲಾಗುತ್ತೆ." ತಾನೂ ಒತ್ತಿ ಬಗ್ಗಿಸಿ, ಹೆಬ್ಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳು ಬಿಡಿಸಿದಳು. ಅವನ ಉಗುರು ತಗುಲಿ ಅವಳ ಕೈ ತರಚಿತು. ಅಣ್ಣ ಕುಸಿದು ಕೆಮ್ಮಿದ, ಉಸಿರೆಳೆದುಕೊಂಡ.

ಅಣ್ಣ ದೂರು ಕೊಡಲಿಲ್ಲ. ಮೇಡಂ ಮುಂದೆ ಅವಳೂ ಏನನ್ನೂ ಮುಚ್ಚಿಡಲಿಲ್ಲ. "ಅವರ ಕೋಪಕ್ಕೆ ತಾಳ ಹಾಕಿದೆ ಮೇಡಂ. ನಡೆಸಬೇಕಾದೋಳು ಅವರ ಹಿಂದೆ ಹೋದೆ." ಯಾಕೆ ಹೋದೆ ಎಂಬುದನ್ನೂ ತಲೆ ತಗ್ಗಿಸಿ ಹೇಳಿದಳು. ಅವಳು ತರಬೇತಿಯನ್ನು ಮೊದಲಿನಿಂದ ಮಾಡಬೇಕಾಯಿತು. ಬಡಗಿ ಬೇರೆಯವರ ಕೈಗೆ ಹೋದ.

ಕಾರಿಡಾರಿನಲ್ಲಿ ಅವನು ಅಡ್ಡ ನಿಂತ. "ನನ್ನನ್ಯಾಕೆ ಬೇರೆಯವರಿಗೆ ಕೊಟ್ರಿ? ನನ್ನ ಕಂಡ್ರೆ ಭಯಾನಾ?"

"ಭಯಾನೂ ಇದೆ. ಅದಕ್ಕಿಂತ ಪ್ರೀತಿ ಜಾಸ್ತಿ ಇದೆ. ಅದನ್ನಿಟ್ಕೊಂಡು ಟ್ರೀಟ್‌ಮೆಂಟ್ ಕೊಡಬಾರದು."

ಅವನು ತನ್ನ ಬಲಗೈ ನೋಡಿಕೊಂಡ. "ಹಾಗಾದ್ರೆ... ಕೈ ಪೂರ್ತಿ ಸರಿಯಾದ ಮೇಲೆ ಬರಲಾ?"

"ಕೈ ಸರಿಹೋಗದಿದ್ರೂ ಬನ್ನಿ. ಆದ್ರೆ ಮೊದಲು ನಿಮ್ಮಣ್ಣನ ಜೊತೆ ಒಂದು ಸಲ ಕೂತು ಊಟ ಮಾಡಿ."

"ಅದು ತುಂಬಾ ಕಷ್ಟ ಡಾಕ್ಟ್ರೇ."

"ಗೊತ್ತು," ಎಂದಳು ಅವಳು, ಕಣ್ಣೊರೆಸಿಕೊಳ್ಳುತ್ತ. "ನಾನು ಕಾಯ್ತೀನಿ."