ತಡವಾದ ಉತ್ತರ

"ಹೆರಿಗೆಯ ನಂತರ ರಕ್ತಸ್ರಾವ ನಿಲ್ಲುತ್ತಿಲ್ಲ. ತಾಯಿಗೆ ರಕ್ತದೊತ್ತಡ ಹೆಚ್ಚಿದೆ. ಯಾವ ಚುಚ್ಚುಮದ್ದು ಕೊಡಬಾರದು?"

ಡಾ. ನೀಲಾಂಬಿಕಾ ಕೊಟಗಿಯ ಕಿವಿಯಲ್ಲಿ ಕೂತಿದ್ದ ನೆನಪುಗಾವಲು ಯಂತ್ರ ಕೇಳಿತು. ಬಾಯಲ್ಲಿ ಉಪ್ಪಿಟ್ಟಿತ್ತು. ಅವಳು ಅಗಿಯುವುದನ್ನು ನಿಲ್ಲಿಸಿದಳು. ಸ್ವಲ್ಪ ಹೊತ್ತಾದ ಮೇಲೆ "ಅರ್ಗೊಮೆಟ್ರಿನ್" ಎಂದಳು.

"ಉತ್ತರ ಸರಿ. ನೆನಪು ದುರ್ಬಲ. ನಾಳೆ ಮತ್ತೆ ಕೇಳಲಾಗುವುದು."

"ನಿನ್ನ ಮನಿ ಹಾಳಾಗ!" ಎಂದು ಅವಳು ತಟ್ಟೆಯನ್ನು ದೂರ ತಳ್ಳಿದಳು.

ಓದಿದ್ದು ತಲೆಯಿಂದ ಜಾರುವ ಹೊತ್ತಿಗೆ ಸರಿಯಾಗಿ ಮತ್ತೆ ಕೇಳಿದರೆ ಅದು ಗಟ್ಟಿಯಾಗಿ ಉಳಿಯುತ್ತದೆ. ಈ ಹಳೆಯ ತತ್ತ್ವಕ್ಕೆ 'ಅಂತರಕಲಿಕೆ' ಎಂದು ಹೆಸರಿಟ್ಟು, ಯಂತ್ರ ಮಾಡಿ, ರಾಜ್ಯದ ವೈದ್ಯರೆಲ್ಲರ ಕಿವಿಗೆ ಸಿಕ್ಕಿಸಿದವರು ವಿಜ್ಞಾನಿ ಪ್ರಹ್ಲಾದ ಕಟ್ಟಿ. ಥಟ್ಟನೆ ಉತ್ತರಿಸಿದರೆ ಆ ಪ್ರಶ್ನೆ ತಿಂಗಳುಗಟ್ಟಲೆ ಬರುವುದಿಲ್ಲ. ತಡೆದು ಉತ್ತರಿಸಿದರೆ ಮರೆವು ಹತ್ತಿರ ಬಂದಿದೆ ಎಂದು ಲೆಕ್ಕ. ಪ್ರಶ್ನೆ ಬೆನ್ನು ಹತ್ತುತ್ತದೆ. ನೆನಪಿನ ಅಂಕ ತೀರಾ ಕುಸಿದರೆ ಹೆರಿಗೆ ಕೋಣೆಯ ಬಾಗಿಲೇ ತೆರೆಯುವುದಿಲ್ಲ. ನೀಲಾಂಬಿಕಾಳ ಅಂಕ ಆ ಅಂಚಿಗೆ ಬಂದು ನಿಂತಿತ್ತು. ವರ್ಷಗಟ್ಟಲೆ ಹೆರಿಗೆ ಮಾಡಿಸಿದವಳಿಗೆ, ನಿನಗೆ ಕೆಲಸ ಮರೆತಿದೆ ಎಂದು ಗುಂಡಿಯಷ್ಟು ಗಾತ್ರದ ಯಂತ್ರ ಹೇಳುವುದೆಂದರೆ! ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಕಟ್ಟಿಯವರು ತಪಾಸಣೆಗೆ ಆಸ್ಪತ್ರೆಗೆ ಬಂದ ದಿನ ಅವಳು ಅವರನ್ನು ಬಾಗಿಲಲ್ಲೇ ಹಿಡಿದಳು.

"ಸರ, ನನ್ನ ಉತ್ತರ ಒಂದಾರ ತಪ್ಪೇತೇನ್ರಿ?"

"ಇಲ್ಲ. ಆದ್ರ ಈ ಒಂದು ಪ್ರಶ್ನಿಗೆ ಭಾಳ ಹೊತ್ತು ತಗೋತೀರಿ. ತಡ ಆತು ಅಂದ್ರ ನೆನಪು ಸವೀಲಿಕ್ಕತ್ತದ ಅಂತ ಅರ್ಥ. ಇದು ವಿಜ್ಞಾನ ರೀ, ನನ್ನ ಮಾತಲ್ಲ."

"ಆ ಪ್ರಶ್ನಿ ಕೇಳಿದ ಕೂಡ್ಲೆ ನನಗ ಔಷಧದ ಹೆಸರು ಬರೂದಿಲ್ರಿ, ಮಲ್ಲವ್ವ ಬರ್ತಾಳ. ಬಿ.ಪಿ. ಇದ್ದ ಬಾಣಂತಿ, ಬ್ಯಾರೆ ಕಡೆ ಅದ ಚುಚ್ಚುಮದ್ದು ಕೊಟ್ಟು ಇಲ್ಲಿಗೆ ಕಳಿಸಿದ್ರು. ತಲಿ ಸಿಡಿತೈತ್ರಿ ಅಕ್ಕಾರ ಅಂತ ನನ್ನ ಕೈ ಹಿಡಕೊಂಡಿದ್ಲು. ಹಂಗ ಹೋದ್ಲು. ಆಕಿನ್ನ ದಾಟಿ ನಾನು ಉತ್ತರಕ್ಕ ಹೋಗಬೇಕು. ಮರತಿಲ್ರಿ ನಾನು. ಮರೀಲಿಕ್ಕ ನಿಮ್ಮ ಯಂತ್ರ ಬಿಡವಲ್ದು!"

ಕಟ್ಟಿಯವರು ಪ್ರಯೋಗಾಲಯಕ್ಕೆ ಮರಳಿ ರಾಜ್ಯದ ಉತ್ತರಗಳನ್ನೆಲ್ಲ ಜಾಲಾಡಿದರು. ಅನುಭವಸ್ಥ ವೈದ್ಯರು ಒಬ್ಬೊಬ್ಬರೂ ಯಾವುದೋ ಒಂದು ಪ್ರಶ್ನೆಯಲ್ಲಿ ಹೀಗೇ ತಡೆಯುತ್ತಿದ್ದರು. ಆ ಕಾಯಿಲೆಯನ್ನು ಕಣ್ಣಾರೆ ಕಾಣದ ಹೊಸಬರು ಪಟಪಟನೆ ಹೇಳಿ ಮುಂದೆ ಹೋಗಿದ್ದರು. ಕಟ್ಟಿ ಪ್ರಾಮಾಣಿಕ ಮನುಷ್ಯ. ತಪ್ಪು ಒಪ್ಪಿಕೊಂಡು ಲೆಕ್ಕವನ್ನೇ ತಿರುಗಿಸಿದರು: ತಡೆದು ಬಂದ ಸರಿಯುತ್ತರ ಇನ್ನು ಮುಂದೆ ಅನುಭವದ ಗುರುತು, ಅದಕ್ಕೆ ಹೆಚ್ಚು ಅಂಕ. ನೀಲಾಂಬಿಕಾಳ ಪಾಲಿಗೆ ಬಾಗಿಲು ತೆರೆದೇ ಉಳಿಯಿತು.

ಕೆಲವು ತಿಂಗಳ ನಂತರ ಒಂದು ಮಧ್ಯಾಹ್ನ, ಆಗಷ್ಟೇ ಹೆತ್ತ ಹೆಣ್ಣುಮಗಳೊಬ್ಬಳಿಗೆ ರಕ್ತ ಹರಿಯತೊಡಗಿತು. ನೀಲಾಂಬಿಕಾಳ ಎರಡೂ ಕೈ ಗರ್ಭಕೋಶವನ್ನು ಅದುಮಿ ಹಿಡಿದಿದ್ದವು. ನರ್ಸ್ ಅರ್ಗೊಮೆಟ್ರಿನ್ ತುಂಬಿದ ಸಿರಿಂಜ್ ಹಿಡಿದು ಅಪ್ಪಣೆಗೆ ಕಾಯುತ್ತಿದ್ದಳು. ಬೆಳಿಗ್ಗೆ ಈ ಬಾಣಂತಿಯನ್ನು ಪರೀಕ್ಷಿಸಿ ದಾಖಲು ಮಾಡಿಕೊಂಡವಳು ತರಬೇತಿ ವೈದ್ಯೆ ಸಂಪದಾ.

"ಸಂಪದಾ, ಈಕಿಗೆ ಬಿ.ಪಿ. ಐತೇನ? ಇದನ್ನ ಕೊಡಬಹುದೋ ಇಲ್ಲೋ?"

ಸಂಪದಾ ಕಣ್ಣು ತಗ್ಗಿಸಿದಳು. ನಿಧಾನವಾಗಿ ಉಸಿರೆಳೆದುಕೊಂಡಳು. ರಕ್ತ ನೀಲಾಂಬಿಕಾಳ ಮೊಣಕೈವರೆಗೆ ಬಂತು.

"ಬಾಯಿ ಬಿಡವಾ!"

"ಬಿ.ಪಿ. ಐತ್ರಿ! ಕೊಡಬಾರದ್ರಿ!"

ನರ್ಸ್ ಸಿರಿಂಜ್ ಕೆಳಗಿಟ್ಟು ಬೇರೆ ಔಷಧ ಎತ್ತಿಕೊಂಡಳು. ಬಹಳ ಹೊತ್ತಿನ ಮೇಲೆ ರಕ್ತ ನಿಂತಿತು. ತಾಯಿ ಉಳಿದಳು.

ಕೈ ತೊಳೆಯುತ್ತ ನೀಲಾಂಬಿಕಾ ಕೇಳಿದಳು: "ಗೊತ್ತಿತ್ತಲ್ಲ ನಿನಗ? ಯಾಕ ಸುಮ್ನ ನಿಂತಿ?"

"ರೂಢಿ ಆಗೇತ್ರಿ ಮೇಡಮ್," ಸಂಪದಾ ಅಳುತ್ತಿದ್ದಳು. "ಲಗೂನ ಹೇಳಿದ್ರ ಅಂಕ ಕಡಿಮಿ. ನಮ್ಮ ಬ್ಯಾಚಿನ್ಯಾಗ ಎಲ್ಲಾರೂ ಮೊದಲ ಉಸಿರು ಎಳಕೊಂಡು ಆಮ್ಯಾಲೆ ಹೇಳ್ತೀವಿ. ನಿಮ್ಮನ್ನ ನೋಡೇ ಕಲ್ತೀವ್ರಿ."

ನೀಲಾಂಬಿಕಾಳಿಗೆ ಬೈಯಬೇಕೆನಿಸಿತು. ಬೈಗುಳದ ಬದಲು ಅಳು ಬಂತು.

"ಆ ತಡ ಕಲಿಯೂದಲ್ಲವ್ವಾ," ಎಂದಳು. "ನಿನಗ ಅದು ಬರೂದ ಬ್ಯಾಡ."