ಗುಲಾಬಿ ಮೂತಿಯ ಬಾಸು

"ನೋಡಮ್ಮಿ ಮಂಚಿ, ನಿನ್ನ ನಾಯಿ ಮೂತೀನ! ಕೋಳಿಮರಿ ನುಂಗ್ಬುಟ್ಟು ಬಾಯೂ ಒರೆಸ್ಕಂಡಿಲ್ಲ, ಕಳ್ಳ!"

ಬೇಲಿಯ ಈಚೆ ನಿಂತು ಬೈರಮ್ಮಜ್ಜಿ ಕೂಗುತ್ತಿದ್ದಳು. ಕೈಯಲ್ಲಿ ಪೊರಕೆ.

"ಬಾಯ್ಮುಚ್ಚಮ್ಮಿ! ನಮ್ ಬಾಸು ಕೋಳಿ ಕಂಡ್ರೆ ತಾನೇ ಬಾಲ ಮುದುರ್ಕತದೆ!"

ಬೇಲಿಯ ಆಚೆ ಪಕ್ಕದ ಮನೆ ಮಂಚಮ್ಮ. ಅವಳ ಕೈಯಲ್ಲಿ ಸೌಟು.

ಹಿಂದೆ ಗೂಟಕ್ಕೆ ಕಟ್ಟಿದ್ದ ಬಾಸು, ಜಗಳ ಯಾರದ್ದೋ ಎಂಬಂತೆ ಬಾಲ ಆಡಿಸುತ್ತಿತ್ತು. ಅದರ ಮೂತಿ ಮಾತ್ರ ಗುಲಾಬಿ. ಬೆಂಡು ಬತ್ತಾಸಿನ ಗುಲಾಬಿ!

ಕೋಳಿಮರಿಗಳಿಗೆ ಆ ಬಣ್ಣ ಬಳಿದವಳು ರಂಜಿತ. ಬೈರಮ್ಮಜ್ಜಿಯ ಮೊಮ್ಮಗಳು, ಐದನೇ ಕ್ಲಾಸು.

ಅಜ್ಜಿಯ ಬೂದು ಕೋಳಿ ಕಳೆದ ಸಲ ಮರಿ ಮಾಡಿದಾಗ ಹದ್ದು ಒಂದನ್ನೂ ಉಳಿಸಿರಲಿಲ್ಲ. "ಬಣ್ಣ ಬಳುದ್ರೆ ಅದ್ದಿಗೆ ಅದು ಮರಿ ಅಂತ್ಲೇ ಗೊತ್ತಾಗಕಿಲ್ಲ ಕಣವ್ವ" ಎಂದು ಅಜ್ಜಿ ಹೇಳಿದ್ದಳು. ಸಂಕ್ರಾಂತಿಗೆ ಹಸುವಿನ ಮೈಗೆ ಹಚ್ಚಿ ಮಿಕ್ಕಿದ್ದ ಬಣ್ಣದ ಪುಡಿ ಮನೆಯಲ್ಲೇ ಇತ್ತು. ರಂಜಿತ ಅದನ್ನು ಕಲಸಿ ಈ ಸಲದ ಆರು ಮರಿಗಳಿಗೂ ಬಳಿದಳು. ಅವಳ ಕೈ, ಫ್ರಾಕು, ಸ್ಕೂಲ್ ಬ್ಯಾಗು ಎಲ್ಲವೂ ಗುಲಾಬಿಯಾದವು.

ಇವತ್ತು ಬೆಳಿಗ್ಗೆ ನೋಡಿದರೆ ಐದೇ ಮರಿ!

"ಆ ನಾಯೀನ ಸಾಗಾಕು. ಇಲ್ದಿದ್ರೆ ನಾನೇ ದೊಣ್ಣೆ ತಗತೀನಿ!"

ಮಂಚಮ್ಮನಿಗೂ ಸಿಟ್ಟು ನೆತ್ತಿಗೇರಿತು. "ಸಾಗಾಕ್ತೀನಿ ಬುಡು! ಲೇ ತಿಮ್ಮರಾಜ, ಕಬ್ಬಿನ ಟ್ರಾಕ್ಟರಲ್ಲಿ ಇದ್ನೂ ಆಕ್ಕಂಡೋಗಿ ಮಾಕವಳ್ಳಿ ಫ್ಯಾಕ್ಟ್ರಿ ತಾವ ಬುಟ್ಬುಡ್ಲಾ. ಇವಳ ಒಟ್ಟೆ ತಣ್ಣಗಾಗ್ಲಿ!"

ಮಂಚಮ್ಮನ ಮಗ ತಿಮ್ಮರಾಜು ಗೊಣಗುತ್ತಾ ಹಗ್ಗ ಬಿಚ್ಚಲು ಬಗ್ಗಿದ.

ರಂಜಿತ ಬೇಲಿಯ ಹತ್ತಿರ ಓಡಿದಳು. ದಿನಾ ಸ್ಕೂಲ್ ಗೇಟಿನ ತನಕ ಜೊತೆಗೆ ಬರುವ ಬಾಸು! ತಾನು ಬಣ್ಣ ಬಳಿಯದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? "ಯಾಕೋ ತಿಂದೆ, ದಡ್ಡ?" ಎಂದು ಅವಳು ಅಳುವ ಹೊತ್ತಿಗೆ ಅಂಗಳದಲ್ಲಿ ಒಂದು ನೆರಳು ಸರ್ರನೆ ಹಾದುಹೋಯಿತು.

"ಅಜ್ಜೀ, ಹದ್ದು!"

ರಂಜಿತ ಕಾಲಿನ ಚಪ್ಪಲಿ ಕಿತ್ತು ಬೀಸಿದಳು. ಚಪ್ಪಲಿ ಹದ್ದಿಗೆ ಬೀಳಲಿಲ್ಲ. ಬೇಲಿ ದಾಟಿ ತಿಮ್ಮರಾಜನ ತಲೆಗೆ ಬಿತ್ತು.

"ಅವ್ವೋ!"

ಬೂದು ಕೋಳಿ ಕೊಕ್ಕೊಕ್ಕೋ ಎಂದು ಓಡಿತು. ರಾತ್ರಿ ಅದನ್ನು ಮುಚ್ಚಿಡುವ ಬಿದಿರು ಬುಟ್ಟಿ, ಮಂಕರಿಯ ಕಡೆಗಲ್ಲ! ಬೇಲಿಯ ಕಂಡಿಯಲ್ಲಿ ನುಗ್ಗಿ ಸೀದಾ ಬಾಸುವಿನ ಹತ್ತಿರ. ಐದು ಮರಿಗಳೂ ಹಿಂದೆಯೇ ಉರುಳಿಕೊಂಡು ಹೋಗಿ ಬಾಸುವಿನ ಹೊಟ್ಟೆಯಡಿ ತೂರಿಕೊಂಡವು. ಬಾಸು ಆಕಾಶ ನೋಡಿ ಬೌಬೌ ಎಂದು ಅರಚಿತು. ಹದ್ದು ತೆಂಗಿನ ಮರ ದಾಟಿ ಮಾಯವಾಯಿತು.

ಅಷ್ಟರಲ್ಲಿ ಬಾಸು ಮಲಗುವ ಗೋಣಿಚೀಲ ಅಲುಗಾಡಿತು. ಒಳಗಿಂದ ಆರನೇ ಮರಿ ಹೊರಗೆ ಬಂದು ರೆಕ್ಕೆ ಕೊಡವಿತು. ಬಾಸು ಅದನ್ನು ತಲೆಯಿಂದ ಪುಕ್ಕದ ತನಕ ನೆಕ್ಕಿತು. ಮೂತಿ ಇನ್ನೂ ಗುಲಾಬಿಯಾಯಿತು!

ಅಜ್ಜಿಯ ಪೊರಕೆ ಕೆಳಗಿಳಿಯಿತು.

"ಈಗ ಯೋಳಮ್ಮಿ, ನಮ್ ಬಾಸು ತಿಂದದಾ, ಸ್ನಾನ ಮಾಡುಸ್ತಾ ಅದಾ?" ಎಂದಳು ಮಂಚಮ್ಮ.

"ನಾನೇನಂದೆ? ಮೂತಿ ನೋಡು ಅಂದೆ ಅಷ್ಟೇಯ!"

"ನನ್ ತಲೆ ನೋಡೋರು ಯಾರೂ ಇಲ್ವಾ?" ಎಂದ ತಿಮ್ಮರಾಜು. ಮಂಚಮ್ಮ ನಕ್ಕು ನಕ್ಕು ಸೌಟನ್ನೇ ಕೈಬಿಟ್ಟಳು. ಅಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಸಂಜೆ ರಂಜಿತ ಮಂಕರಿಯ ಮುಂದೆ ರಾಗಿ ಚೆಲ್ಲಿ, "ಬಾ ಬಾ ಬಾ" ಎಂದು ಕರೆದಳು. ಬೂದು ಕೋಳಿ ಮರಿಗಳ ಜೊತೆ ಬಂತು. ಒಂದು ಕಾಳೂ ಬಿಡದೆ ತಿಂದಿತು. ನೆಲಕ್ಕೆ ಕೊಕ್ಕು ಒರೆಸಿತು. ಆಮೇಲೆ ತಿರುಗಿ ಬೇಲಿಯ ಕಡೆಗೆ ಹೊರಟಿತು.

"ಕೋಳೀನ ಕರಿಯಮ್ಮಿ, ಮಂಕ್ರಿ ಕವುಚಬೇಕು" ಎಂದಳು ಅಜ್ಜಿ.

ರಂಜಿತ ಬಾಯಿ ತೆರೆದಳು. ಆಚೆ ಬಾಸು ಗೋಣಿಚೀಲದ ಮೇಲೆ ಒಂದು ಪಕ್ಕಕ್ಕೆ ಸರಿದು ಜಾಗ ಮಾಡುತ್ತಿತ್ತು. ಅವಳು ಕರೆಯಲಿಲ್ಲ. ಓಡಿಹೋಗಿ ಬೇಲಿಯ ಕಂಡಿಗೆ ಚಾಚಿದ್ದ ಮುಳ್ಳನ್ನು ಕಿತ್ತು ಪಕ್ಕಕ್ಕಿಟ್ಟಳು.

ಗುಲಾಬಿ ಮರಿಗಳು ಒಂದರ ಹಿಂದೆ ಒಂದು ದಾಟಿದವು. ಬೂದು ಕೋಳಿ ತಿರುಗಿಯೂ ನೋಡಲಿಲ್ಲ.